ಹಳೇ ಅಂಬಾಸಿಡರ್ ನಡುಗಿದರೆ ವಯಸ್ಸನ್ನು ದೂರಬೇಡಿ

"ಪುರಾನೀ ಗಾಡಿ ಹೈ ಸಾಬ್, ಕಾಂಪೇಗೀ ಹೀ." ವೇಗ ಗಂಟೆಗೆ ಅರವತ್ತು ಕಿಲೋಮೀಟರ್ ದಾಟಿದೊಡನೆ ಕಾಲಡಿ ಜುಮ್ಮೆನ್ನುವ ಅಂಬಾಸಿಡರನ್ನು ದೆಹಲಿಯ ಗ್ಯಾರೇಜಿಗೆ ಒಯ್ದವರಿಗೆ ಈ ಮಾತು ಪರಿಚಿತ. ಹಳೇ ಗಾಡಿ, ನಡುಗದೆ ಇನ್ನೇನು ಮಾಡೀತು ಎಂಬ ಸಮಾಧಾನ ಅದು. ಮಾಲೀಕರು ಒಪ್ಪಿಕೊಂಡು ಮನೆಗೆ ಹೋಗುತ್ತಾರೆ. ಆ ನಡುಕ ಮಾತ್ರ ಒಳಗೊಳಗೇ ಗೇರ್‌ಬಾಕ್ಸಿನ ಹಿಂದಿನ ಆಯಿಲ್ ಸೀಲನ್ನೂ ಹಿಂಬದಿಯ ಪಿನಿಯನ್ ಬೇರಿಂಗನ್ನೂ ತಿನ್ನುತ್ತಾ ಹೋಗುತ್ತದೆ.

ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರ ಮಾದರಿಯಲ್ಲಿ ಹುಟ್ಟಿ, 2014ರವರೆಗೆ ಬಂಗಾಳದ ಉತ್ತರಪಾಡಾದಲ್ಲಿ ತಯಾರಾದ ಈ ಕಾರಿನಲ್ಲಿ ಎಂಜಿನ್ ಮುಂದಿದೆ, ಶಕ್ತಿ ಹೋಗುವುದು ಹಿಂದಿನ ಚಕ್ರಕ್ಕೆ. ನಡುವಿನ ಉದ್ದನೆಯ ಉಕ್ಕಿನ ಕೊಳವೆಯೇ ಪ್ರೊಪೆಲರ್ ಶಾಫ್ಟ್. ಅದರ ಎರಡು ತುದಿಗೆ ಒಂದೊಂದು ಯೂನಿವರ್ಸಲ್ ಜಾಯಿಂಟ್. ಗ್ಯಾರೇಜಿನವರು ಅದನ್ನು ಕ್ರಾಸ್ ಎನ್ನುತ್ತಾರೆ. ಉಕ್ಕಿನ ಕೊಳವೆಗೆ ಮುಪ್ಪು ಬರುವುದಿಲ್ಲ. ಸವೆಯುವುದು ಕ್ರಾಸಿನ ಸೂಜಿ ಬೇರಿಂಗ್, ಕುಸಿಯುವುದು ಗೇರ್‌ಬಾಕ್ಸಿನ ರಬ್ಬರ್ ಮೌಂಟಿಂಗ್, ಬದಲಾಗುವುದು ಹಿಂದಿನ ಪ್ಲೇಟ್ ಸ್ಪ್ರಿಂಗಿನ ಎತ್ತರ. ಮೂರನ್ನೂ ಸರಿಪಡಿಸಬಹುದು.

"ಊರೊಳಗೆ ಚೆನ್ನಾಗಿಯೇ ಓಡುತ್ತದೆ, ಅಂದರೆ ದೊಡ್ಡ ತೊಂದರೆ ಇಲ್ಲ" ಎನ್ನುವವರೂ ಇದ್ದಾರೆ. ರಿಂಗ್ ರೋಡಿನ ದಟ್ಟಣೆಯಲ್ಲಿ ನಲವತ್ತು ದಾಟದ ಕಾರು ತನ್ನ ದೋಷವನ್ನು ಹೊರಗೆಡಹುವುದಿಲ್ಲ, ಅಷ್ಟೆ. ಶಾಫ್ಟಿನ ತೂಕ ಒಂದು ಬದಿಗೆ ಹೆಚ್ಚಾಗಿದ್ದರೆ ಅದರ ಎಳೆತ ವೇಗದ ವರ್ಗದಂತೆ ಏರುತ್ತದೆ: ನಲವತ್ತರಲ್ಲಿ ಇದ್ದುದು ಎಂಬತ್ತರಲ್ಲಿ ನಾಲ್ಕು ಪಟ್ಟು. ಗ್ರೇಟರ್ ನೋಯ್ಡಾ ದಾಟಿ ಯಮುನಾ ಎಕ್ಸ್‌ಪ್ರೆಸ್‌ವೇ ಹತ್ತಿದ ದಿನ ಕಾರು ಇದ್ದಕ್ಕಿದ್ದಂತೆ ಕೆಟ್ಟಂತೆ ತೋರುವುದು ಇದರಿಂದಲೇ.

ಎಲ್ಲಕ್ಕಿಂತ ಹೆಚ್ಚು ಹಣ ಕಳೆಯುವ ನಂಬಿಕೆ, ಯಾವ ನಡುಕಕ್ಕೂ ವೀಲ್ ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಮಾಡಿಸಿದರೆ ಆಯಿತು ಎಂಬುದು. ಅಲೈನ್‌ಮೆಂಟ್ ಕೆಟ್ಟರೆ ಟೈರ್ ಸವೆಯುತ್ತದೆ, ಕಾರು ಒಂದು ಕಡೆಗೆ ಎಳೆಯುತ್ತದೆ. ನಡುಕಕ್ಕೂ ಅದಕ್ಕೂ ಸಂಬಂಧ ಕಡಿಮೆ. ಚಕ್ರದ ತೂಕ ಏರುಪೇರಾದರೆ ನಡುಕ ಬರುವುದು ನಿಜ, ಆದರೆ ಆ ನಡುಕವೇ ಬೇರೆ. ಲೆಕ್ಕ ಹಾಕಿ ನೋಡಿ. ಹದಿನೈದು ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು ಎರಡು ಮೀಟರ್ ಸಾಗುತ್ತದೆ. ಗಂಟೆಗೆ 60 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 8 ಸುತ್ತು. ಹಿಂದಿನ ಆಕ್ಸಲ್ಲಿನ ಗೇರ್ ಅನುಪಾತ ನಾಲ್ಕೂವರೆ ಎಂದಿಟ್ಟುಕೊಂಡರೆ ಅದೇ ಹೊತ್ತಿಗೆ ಶಾಫ್ಟ್ 36 ಸುತ್ತು ತಿರುಗಿರುತ್ತದೆ. ಸೆಕೆಂಡಿಗೆ ಎಂಟು ಸಲದ ಅಲುಗಾಟವನ್ನು ಸ್ಟಿಯರಿಂಗಿನಲ್ಲೋ ಸೀಟಿನಲ್ಲೋ ಹೆಚ್ಚುಕಡಿಮೆ ಎಣಿಸಬಹುದು. ಮೂವತ್ತಾರು ಸಲದ್ದನ್ನು ಎಣಿಸಲಾಗದು. ಅದು ನೆಲದಲ್ಲಿ ಜುಮ್ಮೆನ್ನುತ್ತದೆ, ಬಾಗಿಲು ಮುಚ್ಚಿದ ಕಾರಿನೊಳಗೆ ಗುಂಯ್ ಎನ್ನುವ ಸದ್ದಾಗುತ್ತದೆ. ಕಂಪನ ಅಳೆಯುವ ಆ್ಯಪ್ ಇರುವ ಮೊಬೈಲನ್ನು ನೆಲದ ಮೇಲೆ ಅಲುಗದಂತೆ ಇಟ್ಟು, ಪಕ್ಕದಲ್ಲಿ ಕುಳಿತವರು ನೋಡಿದರೆ ಎಂಟೋ ಮೂವತ್ತಾರೋ ಎಂಬುದು ಅಂಕಿಯಲ್ಲೇ ಸಿಗುತ್ತದೆ. ಎಪ್ಪತ್ತರ ಆಸುಪಾಸು ತೋರಿಸಿದರೆ ಅದು ಕ್ರಾಸಿನ ಕೋನದ ದೋಷ, ಏಕೆಂದರೆ ಆ ದೋಷ ಒಂದು ಸುತ್ತಿಗೆ ಎರಡು ಸಲ ಮಿಡಿಯುತ್ತದೆ.

ಮೊಬೈಲ್ ಇಲ್ಲದೆಯೂ ದಾರಿ ಉಂಟು. ನಿಂತ ಕಾರನ್ನು ನ್ಯೂಟ್ರಲ್‌ನಲ್ಲಿಟ್ಟು ಆಕ್ಸಿಲರೇಟರ್ ಒತ್ತಿ. ನಡುಗಿದರೆ ತೊಂದರೆ ಎಂಜಿನ್ ಇಲ್ಲವೇ ಅದರ ಮೌಂಟಿಂಗಿನದು. ನಂತರ ಖಾಲಿ ರಸ್ತೆಯಲ್ಲಿ ನಡುಕ ಬರುವ ವೇಗಕ್ಕೆ ಏರಿಸಿ, ಅದೇ ವೇಗವನ್ನು ಕೆಳಗಿನ ಗೇರಿನಲ್ಲೂ ಹಿಡಿದು ನೋಡಿ. ಎಂಜಿನ್ ಸುತ್ತು ಹೆಚ್ಚಾದರೂ ನಡುಕ ಬದಲಾಗದಿದ್ದರೆ ಎಂಜಿನ್ ನಿರಪರಾಧಿ, ದೋಷ ಗೇರ್‌ಬಾಕ್ಸಿನಿಂದ ಹಿಂದಕ್ಕೆ. ಕೊನೆಗೆ ನ್ಯೂಟ್ರಲ್ ಮಾಡಿ ಕಾರನ್ನು ತಾನಾಗಿ ಉರುಳಲು ಬಿಡಿ. ಆಗಲೂ ಉಳಿದರೆ ತೂಕದ ಏರುಪೇರು. ಎಂಜಿನ್ನಿನ ಎಳೆತ ನಿಂತೊಡನೆ ಮಾಯವಾದರೆ ಕ್ರಾಸ್ ಸಡಿಲವಾಗಿದೆ ಅಥವಾ ಕೋನ ತಪ್ಪಿದೆ ಎಂದು ಹುಡುಕಬೇಕು. ಸ್ಪ್ಯಾನರ್ ಹಿಡಿಯುವ ಮೊದಲು ಇಷ್ಟನ್ನು ಮಾಡಿಸದ ಗ್ಯಾರೇಜಿಗೆ ನಾನಂತೂ ಕಾರು ಕೊಡುವುದಿಲ್ಲ.

"ಕ್ರಾಸ್ ಬದಲವಾ ಲೋ", ಅಂದರೆ ಕ್ರಾಸ್ ಬದಲಾಯಿಸಿಕೊಳ್ಳಿ ಎಂಬ ಸಲಹೆ ಬಂದೇ ಬರುತ್ತದೆ. ದೆಹಲಿಯ ಕಶ್ಮೀರಿ ಗೇಟಿನ ಬಿಡಿಭಾಗದ ಅಂಗಡಿಗಳಲ್ಲಿ ಕ್ರಾಸ್ ಸಿಗುತ್ತದೆ, ದುಬಾರಿಯೂ ಅಲ್ಲ. ಆದರೆ ಹೊಸ ಕ್ರಾಸ್ ಹಾಕಿದ ಮೇಲೆ ನಡುಕ ಹೆಚ್ಚಾಗಿದೆ ಎಂಬ ದೂರೂ ಅಷ್ಟೇ ಸಾಮಾನ್ಯ. ಸೂಜಿ ಬೇರಿಂಗಿನ ಬಟ್ಟಲನ್ನು ಸುತ್ತಿಗೆಯಿಂದ ಬಡಿದು ಕೂರಿಸುವಾಗ ಒಳಗಿನ ಒಂದು ಸೂಜಿ ಅಡ್ಡ ಬಿದ್ದರೆ ಸಾಕು, ಜಾಯಿಂಟ್ ಬಿಗಿದುಕೊಳ್ಳುತ್ತದೆ. ಬಡಿತಕ್ಕೆ ಕ್ರಾಸನ್ನು ಹಿಡಿದಿಡುವ ಕವಲಿನ, ಅಂದರೆ ಯೋಕಿನ, ಕಿವಿ ಕೂದಲೆಳೆಯಷ್ಟು ಬಾಗಿದರೂ ಕ್ರಾಸ್ ನಡುವೆ ನಿಲ್ಲುವುದಿಲ್ಲ. ವೈಸ್ ಅಥವಾ ಪ್ರೆಸ್ಸಿನಲ್ಲಿ ಒತ್ತಿ ಕೂರಿಸಬೇಕು, ಲಾಕುಗಳು ತಮ್ಮ ತೋಡಿನಲ್ಲಿ ಪೂರ್ತಿ ಕೂತಿವೆಯೇ ನೋಡಬೇಕು. ಕೊನೆಯಲ್ಲಿ ಜಾಯಿಂಟ್ ಎಲ್ಲ ದಿಕ್ಕಿಗೂ ಕೈಯಲ್ಲೇ ನಯವಾಗಿ ಬಾಗಬೇಕು.

ಇನ್ನೊಂದು ತಪ್ಪು ಬಿಚ್ಚುವಾಗಲೇ ಆಗುತ್ತದೆ. ಸ್ಪ್ಲೈನ್, ಅಂದರೆ ಉದ್ದುದ್ದ ಹಲ್ಲುಗಳು ಇರುವ ಯೋಕನ್ನು ಹೇಗೆ ಸೇರಿಸಿದರೂ ಒಂದೇ ಎಂದುಕೊಂಡವರು ಗುರುತು ಮಾಡದೆ ಕಳಚುತ್ತಾರೆ. ಕೋನದಲ್ಲಿರುವ ಒಂಟಿ ಜಾಯಿಂಟ್ ಸಮವೇಗದಲ್ಲಿ ತಿರುಗದು. ಪ್ರತಿ ಸುತ್ತಿನಲ್ಲಿ ಎರಡು ಸಲ ಮುಂದೋಡಿ ಎರಡು ಸಲ ಹಿಂದುಳಿಯುತ್ತದೆ. ಹತ್ತು ಡಿಗ್ರಿಯಲ್ಲಿ ಈ ಏರಿಳಿತ ಶೇ 1.5ರಷ್ಟು. ಮುಂದಿನ ಜಾಯಿಂಟಿನ ಏರಿಳಿತವನ್ನು ಹಿಂದಿನದು ಅಳಿಸಿಹಾಕಬೇಕು. ಅದಕ್ಕೆ ಕೊಳವೆಯ ಎರಡು ತುದಿಯ ಯೋಕುಗಳು ಒಂದೇ ಸಾಲಿನಲ್ಲಿರಬೇಕು. ಒಂದು ಹಲ್ಲು ಆಚೀಚೆ ಕೂತರೂ ಅಳಿಸುವ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಕಳಚುವ ಮೊದಲು ಫ್ಲಾಂಜಿಗೂ ಸ್ಪ್ಲೈನಿಗೂ ಬಣ್ಣದ ಗೆರೆ ಎಳೆಯುವುದಕ್ಕೆ ಒಂದು ನಿಮಿಷ ಸಾಕು.

ಈಗ ಕೋನದ ಮಾತು. ಶಾಫ್ಟ್ ದಾರ ಹಿಡಿದಂತೆ ನೆಟ್ಟಗಿರಬೇಕು ಎಂದು ನಂಬಿದವರು ಬಹಳ. ಜಾಯಿಂಟ್ ಬಾಗದಿದ್ದರೆ ಸೂಜಿಗಳು ಉರುಳುವುದೇ ಇಲ್ಲ, ನಿಂತಲ್ಲೇ ಒತ್ತಿ ಗುಳಿ ಮಾಡುತ್ತವೆ. ಕನಿಷ್ಠ ಅರ್ಧ ಡಿಗ್ರಿ ಬೇಕು, ಮೂರು ಡಿಗ್ರಿಯೊಳಗಿದ್ದರೆ ಒಳ್ಳೆಯದು, ಮುಂದಿನ ಹಾಗೂ ಹಿಂದಿನ ಕೋನಗಳ ವ್ಯತ್ಯಾಸ ಒಂದು ಡಿಗ್ರಿ ಮೀರಬಾರದು. ದೆಹಲಿಯ ಟ್ಯಾಕ್ಸಿ ಅಂಬಾಸಿಡರ್‌ಗಳಲ್ಲಿ ಈ ಲೆಕ್ಕ ತಪ್ಪಲು ಊರಿನದೇ ಕಾರಣವಿದೆ. ಸಾರ್ವಜನಿಕ ವಾಹನಗಳಿಗೆ ಸಿಎನ್‌ಜಿ ಬೇಕೆಂಬ ಸುಪ್ರೀಂ ಕೋರ್ಟಿನ 1998ರ ಆದೇಶದ ನಂತರ ಕಪ್ಪು-ಹಳದಿ ಟ್ಯಾಕ್ಸಿಗಳ ಡಿಕ್ಕಿಗೆ ಭಾರದ ಉಕ್ಕಿನ ಸಿಲಿಂಡರ್ ಬಂತು. ಆ ಭಾರಕ್ಕೆ ಹಿಂಭಾಗ ಕುಸಿದರೆ ಸ್ಪ್ರಿಂಗಿಗೆ ಇನ್ನೊಂದು ಪ್ಲೇಟ್ ಸೇರಿಸುವುದು ಸುಲಭದ ಪರಿಹಾರ. ಇಂಥ ಕಾರನ್ನು ಕೊಂಡು ಸಿಲಿಂಡರ್ ಮಾತ್ರ ತೆಗೆಸಿ, ಹೆಚ್ಚಿನ ಪ್ಲೇಟನ್ನು ಹಾಗೇ ಬಿಟ್ಟರೆ ಹಿಂಭಾಗ ಎತ್ತರದಲ್ಲಿ ನಿಂತುಬಿಡುತ್ತದೆ, ಕೋನ ಕೆಡುತ್ತದೆ. ಅಂಥ ಕಾರಿಗೆ ಎಷ್ಟು ಕ್ರಾಸ್ ಹಾಕಿದರೂ ನಡುಕ ಹೋಗದು.

ಅಳೆಯುವಾಗ ಕಾರು ತನ್ನ ಚಕ್ರಗಳ ಮೇಲೇ ನಿಂತಿರಬೇಕು, ಸರ್ವಿಸ್ ಪಿಟ್ ಇದ್ದರೆ ಉತ್ತಮ. ಬಾಡಿಗೆ ಜಾಕ್ ಕೊಟ್ಟು ಆಕ್ಸಲ್ ಜೋತಾಡುವಂತೆ ಎತ್ತಿ, ಚಕ್ರ ತಿರುಗಿಸಿ "ನೋಡಿ, ಎಷ್ಟು ನಡುಗುತ್ತಿದೆ" ಎಂದು ತೋರಿಸುವುದರಲ್ಲಿ ಅರ್ಥವಿಲ್ಲ. ಆ ಸ್ಥಿತಿಯಲ್ಲಿ ಸರಿಯಿರುವ ಶಾಫ್ಟೂ ನಡುಗುತ್ತದೆ. ಎತ್ತಲೇಬೇಕಾದರೆ ಸ್ಟ್ಯಾಂಡುಗಳು ಆಕ್ಸಲ್ ಅಡಿಯಲ್ಲಿರಲಿ. ಬರೀ ಜಾಕ್ ನಂಬಿ ಕೆಳಗೆ ಮಲಗುವುದು ಜೀವಕ್ಕೇ ಅಪಾಯ. ಗೇರ್‌ಬಾಕ್ಸ್ ಫ್ಲಾಂಜ್, ಶಾಫ್ಟಿನ ಕೊಳವೆ, ಪಿನಿಯನ್ ಫ್ಲಾಂಜ್ ಈ ಮೂರರ ಮೇಲೆ ಕೋನಮಾಪಕ ಇಟ್ಟು ಕಳೆದರೆ ಲೆಕ್ಕ ಮುಗಿಯಿತು. ಮೊದಲು ಮೌಂಟಿಂಗ್, ಸ್ಪ್ರಿಂಗ್ ಸರಿಮಾಡಿ. ಆಮೇಲೂ ವ್ಯತ್ಯಾಸ ಉಳಿದರೆ ಮಾತ್ರ ಸ್ಪ್ರಿಂಗಿಗೂ ಆಕ್ಸಲ್ಲಿಗೂ ನಡುವೆ ಓರೆ ಬಿಲ್ಲೆ.

ಗ್ರೀಸ್ ಹೊಡೆದರೆ ಸರಿಹೋಗುತ್ತದೆಯೇ? ಸವೆದ ಸೂಜಿ ಗ್ರೀಸಿನಿಂದ ಬೆಳೆಯುವುದಿಲ್ಲ. ಮಳೆಗಾಲಕ್ಕೆ ಮುಂಚೆ ಕಾರಿನಡಿ ಬಳಿಸುವ ಕಪ್ಪು ಲೇಪನದ ಬಗ್ಗೆಯೂ ಎಚ್ಚರ ಬೇಕು: ಶಾಫ್ಟಿನ ಮೇಲೆ ಒಂದೆಡೆ ದಪ್ಪಗೆ ಕೂತರೆ ಅದೇ ತೂಕದ ಏರುಪೇರು. ಕೊಳವೆಯನ್ನು ಕೆರೆದು ಸ್ವಚ್ಛ ಮಾಡಿದ ಮೇಲೂ ನಡುಕ ಉಳಿದರೆ, ಲಾರಿ ಶಾಫ್ಟುಗಳ ಕೆಲಸ ಮಾಡುವವರಲ್ಲಿ ಬ್ಯಾಲೆನ್ಸಿಂಗ್ ಯಂತ್ರ ಇರುವವರನ್ನು ಹುಡುಕಿ. ಯಂತ್ರದಲ್ಲಿ ತಿರುಗಿಸಿ ಹಗುರವಾದ ಕಡೆ ಸಣ್ಣ ತುಂಡು ವೆಲ್ಡ್ ಮಾಡುತ್ತಾರೆ. ಹಳೆಯ ತುಂಡುಗಳನ್ನು ತುಕ್ಕೆಂದು ಭಾವಿಸಿ ಕಿತ್ತುಹಾಕುವವರಿದ್ದಾರೆ, ಗಮನಿಸಿ.

ನಿಲ್ಲಿಸಿದ ಗಾಡಿ ಸವೆಯುವುದಿಲ್ಲ ಎಂಬ ನಂಬಿಕೆ ದೆಹಲಿ ಪ್ರದೇಶದಲ್ಲಿ ವಿಶೇಷವಾಗಿ ಕಾಡುತ್ತದೆ. ಹದಿನೈದು ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಮೇಲಿನ ಇಲ್ಲಿನ ನಿರ್ಬಂಧವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ ಎಷ್ಟೋ ಕಾರುಗಳು ಗ್ಯಾರೇಜಿನಲ್ಲೇ ಉಳಿದವು. ಐವತ್ತು ವರ್ಷ ಮೀರಿದವಕ್ಕೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಸಿಕ್ಕರೂ ದಿನನಿತ್ಯ ಓಡಿಸುವಂತಿಲ್ಲ. ರ‍್ಯಾಲಿ, ಪ್ರದರ್ಶನ, ಇಂಧನ, ದುರಸ್ತಿಯಂಥವಕ್ಕಷ್ಟೇ ಅನುಮತಿ. ನಿಂತಲ್ಲೇ ಕ್ರಾಸಿನ ಬಟ್ಟಲಿಗೆ ತೇವ ಸೇರಿ ಸೂಜಿ ತುಕ್ಕು ಹಿಡಿಯುತ್ತದೆ, ಟೈರು ಒಂದೇ ಕಡೆ ಚಪ್ಪಟೆಯಾಗುತ್ತದೆ. 1964ರಲ್ಲಿ ಆರಂಭವಾದ ಸ್ಟೇಟ್ಸ್‌ಮನ್ ವಿಂಟೇಜ್ ರ‍್ಯಾಲಿಯಂಥದ್ದಕ್ಕೆ ಕಾರು ಹೊರಡಿಸುವವರು ವಾರಗಳ ಮುಂಚೆಯೇ ಕ್ರಾಸುಗಳ ನಾಲ್ಕೂ ಬಟ್ಟಲಿನಿಂದ ಹೊಸ ಗ್ರೀಸ್ ಇಣುಕುವವರೆಗೆ ತುಂಬಿಸಲಿ, ಶಾಫ್ಟನ್ನು ಕೈಯಲ್ಲಿ ಹಿಡಿದು ತಿರುಚಿ ಸಡಿಲ ನೋಡಲಿ. ಕಳಚಿದ್ದರೆ ಫ್ಲಾಂಜಿಗೆ ಹೊಸ ಲಾಕ್ ನಟ್ಟುಗಳನ್ನೇ ಹಾಕಲಿ, ಮೊದಲ ಓಟದ ನಂತರ ಅವುಗಳ ಬಿಗಿಯನ್ನು ಇನ್ನೊಮ್ಮೆ ಪರೀಕ್ಷಿಸಲಿ.