‘ಗ್ರಾನ್ ರೆಸೆರ್ವಾ’ ಎಂದಿದ್ದರೆ ಅದೇ ಅತ್ಯುತ್ತಮ ಸ್ಪ್ಯಾನಿಷ್ ವೈನ್ ಎಂಬುದು ನಿಜವೇ?

“ಸ್ಪೇನಿನ ಕೆಂಪು ವೈನ್ ಕೊಳ್ಳುವಾಗ ಬಾಟಲಿ ಮೇಲೆ ‘ಗ್ರಾನ್ ರೆಸೆರ್ವಾ’ ಎಂದಿದೆಯೇ ನೋಡಿ. ಹಳೆಯದಾದಷ್ಟೂ ರುಚಿ ಹೆಚ್ಚು, ಹೃದಯಕ್ಕೂ ಒಳ್ಳೆಯದು.” ಇಂಥ ಸಲಹೆ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇದನ್ನು ನಂಬಿ ಡ್ಯೂಟಿ ಫ್ರೀ ಅಂಗಡಿಯಲ್ಲಿ ಹೆಚ್ಚು ಹಣ ಕೊಡುವ ಮುನ್ನ ಇದರಲ್ಲಿ ಎಷ್ಟು ನಿಜವಿದೆ ಎಂದು ನೋಡೋಣ.

ಆ ಪದಗಳ ಅರ್ಥವೇನು?

ಅವು ರುಚಿಗೆ ಕೊಟ್ಟ ಅಂಕಗಳಲ್ಲ, ವೈನ್ ಎಷ್ಟು ಕಾಲ ಮಾಗಿದೆ ಎಂಬುದರ ಲೆಕ್ಕ. ಉತ್ತರ ಸ್ಪೇನಿನ ರಿಯೋಹಾ ಪ್ರದೇಶದ ಕೆಂಪು ವೈನ್‌ಗಳಿಗೆ ಇರುವ ನಿಯಮ ಹೀಗಿದೆ:

- ಕ್ರಿಯಾನ್ಸಾ: ಕನಿಷ್ಠ 2 ವರ್ಷ, ಅದರಲ್ಲಿ 1 ವರ್ಷ ಓಕ್ ಮರದ ಪೀಪಾಯಿಯಲ್ಲಿ
- ರೆಸೆರ್ವಾ: ಕನಿಷ್ಠ 3 ವರ್ಷ, ಅದರಲ್ಲಿ 1 ವರ್ಷ ಪೀಪಾಯಿಯಲ್ಲಿ
- ಗ್ರಾನ್ ರೆಸೆರ್ವಾ: ಕನಿಷ್ಠ 5 ವರ್ಷ, ಅದರಲ್ಲಿ 2 ವರ್ಷ ಪೀಪಾಯಿಯಲ್ಲಿ

ಮಾಗಿದರೆ ಏನಾಗುತ್ತದೆ?

ಇಲ್ಲಿನ ಮುಖ್ಯ ದ್ರಾಕ್ಷಿ ಟೆಂಪ್ರಾನಿಯೊ. ಎಳೆಯ ವೈನ್‌ನಲ್ಲಿ ಹಣ್ಣಿನ ಪರಿಮಳ ಎದ್ದು ಕಾಣುತ್ತದೆ. ನೇರಳೆ ಹಣ್ಣು ತಿಂದಾಗ ನಾಲಿಗೆಗೆ ಆಗುವಂಥ ಒಗರೂ ಇರುತ್ತದೆ. ಅದಕ್ಕೆ ಕಾರಣ ಟ್ಯಾನಿನ್ ಎಂಬ ಅಂಶ. ಕಾಲ ಕಳೆದಂತೆ ಒಗರು ಮೆತ್ತಗಾಗುತ್ತದೆ, ಬಣ್ಣ ಇಟ್ಟಿಗೆ ಕೆಂಪಿಗೆ ತಿರುಗುತ್ತದೆ, ಪೀಪಾಯಿಯಿಂದ ವೆನಿಲ್ಲಾದಂಥ ವಾಸನೆ ಸೇರುತ್ತದೆ. ಆದರೆ ತಾಜಾ ಹಣ್ಣಿನ ಪರಿಮಳ ಕಡಿಮೆಯಾಗುತ್ತದೆ. ಆ ಪರಿಮಳವೇ ಇಷ್ಟವಾದವರಿಗೆ ಕಡಿಮೆ ಬೆಲೆಯ ಕ್ರಿಯಾನ್ಸಾ ಹೆಚ್ಚು ಹಿಡಿಸಬಹುದು.

ಬೆಲೆ ನಾಲಿಗೆಯನ್ನು ಮೋಸಗೊಳಿಸುತ್ತದೆಯೇ?

ಹೌದು. 2008ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 20 ಜನರಿಗೆ ಒಂದೇ ವೈನನ್ನು ಒಮ್ಮೆ 10 ಡಾಲರ್‌ನದು, ಇನ್ನೊಮ್ಮೆ 90 ಡಾಲರ್‌ನದು ಎಂದು ಹೇಳಿ ಕೊಡಲಾಯಿತು. 90 ಡಾಲರ್ ಎಂದಾಗಲೇ ಅದು ಹೆಚ್ಚು ರುಚಿಸಿತು. ಮಿದುಳಿನಲ್ಲಿ ಹಿತಾನುಭವಕ್ಕೆ ಸಂಬಂಧಿಸಿದ ಭಾಗದ ಚಟುವಟಿಕೆಯೂ ಹೆಚ್ಚಿತ್ತು.

ಆದ್ದರಿಂದ ಹೋಲಿಸುವುದಾದರೆ ಬಾಟಲಿಗಳಿಗೆ ಕಾಗದ ಸುತ್ತಿ ನಂಬರ್ ಹಾಕಿ. ಗ್ಲಾಸುಗಳು ಒಂದೇ ಥರ ಇರಲಿ, ವೈನ್ ಒಂದೇ ತಂಪಿನಲ್ಲಿರಲಿ. ಮೊದಲು ಬಣ್ಣ, ಆಮೇಲೆ ವಾಸನೆ, ಕೊನೆಗೆ ಒಂದು ಗುಟುಕು. ಅನಿಸಿದ್ದನ್ನು ಬರೆದುಕೊಂಡ ಮೇಲೆಯೇ ಕಾಗದ ಬಿಚ್ಚಿ. ಪರಿಣತರು ರುಚಿ ನೋಡಿ ಉಗಿಯುತ್ತಾರೆ, ನುಂಗುವುದಿಲ್ಲ.

ಹೃದಯಕ್ಕೆ ಒಳ್ಳೆಯದೇ?

ಮಿತವಾಗಿ ಕುಡಿಯುವವರು ಕುಡಿಯದವರಿಗಿಂತ ಆರೋಗ್ಯವಂತರು ಎಂದು ಹಳೆಯ ಅಧ್ಯಯನಗಳು ಹೇಳಿದ್ದುಂಟು. ಆದರೆ ಅವುಗಳಲ್ಲಿ ಹಲವು, ಕಾಯಿಲೆ ಬಂದು ಕುಡಿತ ಬಿಟ್ಟವರನ್ನೂ ‘ಕುಡಿಯದವರ’ ಗುಂಪಿಗೇ ಸೇರಿಸಿದ್ದವು. ಮದ್ಯದ ಯಾವ ಪ್ರಮಾಣವೂ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಮದ್ಯ ಕ್ಯಾನ್ಸರ್‌ಕಾರಕವೂ ಹೌದು. ಐದು ವರ್ಷ ಮಾಗಿಸಿದ ಮಾತ್ರಕ್ಕೆ ಇದು ಬದಲಾಗುವುದಿಲ್ಲ.

ತೀರ್ಮಾನ: ‘ಗ್ರಾನ್ ರೆಸೆರ್ವಾ’ ಎಂದರೆ ಹೆಚ್ಚು ಕಾಲ ಮಾಗಿದ ವೈನ್ ಎಂಬುದು ನಿಜ. ಅದೇ ಎಲ್ಲರಿಗೂ ಹೆಚ್ಚು ರುಚಿ ಎಂಬುದು ನಿಜವಲ್ಲ, ಹೃದಯಕ್ಕೆ ಔಷಧಿ ಎಂಬುದಂತೂ ತಪ್ಪು. ಹೃದಯದ ತೊಂದರೆ ಇರುವ ಯಾರಿಗೂ ಈ ಸಂದೇಶ ಫಾರ್ವರ್ಡ್ ಮಾಡಬೇಡಿ.