ಮುಪ್ಪಿನ ಬುದ್ಧಿಯೂ ರಕ್ತದ ಸಾಕ್ಷ್ಯವೂ

ಅರವತ್ತಕ್ಕೆ ಅರಳು ಮರಳು ಎಂಬುದು ನಮ್ಮ ಹಿರಿಯರ ಗಾದೆ. ಆದರೆ ಎಂಬತ್ತು ಕಳೆದರೂ ಪಂಚಾಂಗವನ್ನೂ ಲೆಕ್ಕಪತ್ರವನ್ನೂ ತಪ್ಪಿಲ್ಲದೆ ನೋಡುವ ಅಜ್ಜಂದಿರು ನಮ್ಮ ಊರುಗಳಲ್ಲಿ ಅನೇಕರಿರುವರು. ರೋಗವಿಲ್ಲದ ಇಬ್ಬರು ವೃದ್ಧರಲ್ಲಿ ಒಬ್ಬರ ಬುದ್ಧಿ ಚುರುಕಾಗಿಯೂ ಇನ್ನೊಬ್ಬರದು ಮಂದವಾಗಿಯೂ ಇರುವುದೇಕೆ? ಇದಕ್ಕೆ ಉತ್ತರವನ್ನು ವಿಜ್ಞಾನಿಗಳು ರಕ್ತದಲ್ಲಿಯೂ ಹುಡುಕುತ್ತಿದ್ದಾರೆ.

ರಕ್ತದಿಂದ ಕಣಗಳನ್ನು ಬೇರ್ಪಡಿಸಿದರೆ ಉಳಿಯುವ ಹಳದಿ ದ್ರವಕ್ಕೆ ಪ್ಲಾಸ್ಮ ಎಂದು ಹೆಸರು. ಅದರ ಒಂದು ಲೀಟರಿನಲ್ಲಿ ಸುಮಾರು 60ರಿಂದ 80 ಗ್ರಾಂಗಳಷ್ಟು ಪ್ರೋಟೀನುಗಳಿರುತ್ತವೆ. ಗಾಯವಾದಾಗ ರಕ್ತವನ್ನು ಹೆಪ್ಪುಗಟ್ಟಿಸುವ ಫೈಬ್ರಿನೋಜೆನ್ ಅವುಗಳಲ್ಲೊಂದು. ಶರೀರದಲ್ಲಿ ಉರಿಯೂತವುಂಟಾದಾಗ ಯಕೃತ್ತು ಸಿ-ರಿಯಾಕ್ಟಿವ್ ಪ್ರೋಟೀನು ಎಂಬ ಮತ್ತೊಂದನ್ನು ಹೆಚ್ಚಾಗಿ ತಯಾರಿಸುತ್ತದೆ. ಫೈಬ್ರಿನೋಜೆನ್ ಕೂಡ ಆಗ ಏರುತ್ತದೆ.

ಇವೆರಡೂ ಹೆಚ್ಚಾಗಿರುವ ವೃದ್ಧರು ಬುದ್ಧಿಪರೀಕ್ಷೆಗಳಲ್ಲಿ ತುಸು ಹಿಂದೆ ಬೀಳುವುದು ಕಂಡುಬಂದಿತು. ಹಾಗಾದರೆ ಈ ಪ್ರೋಟೀನುಗಳೇ ಬುದ್ಧಿಯನ್ನು ಕುಂದಿಸುತ್ತವೆ ಎನ್ನಬಹುದೆ? ಬೀದಿಯಲ್ಲಿ ಕೊಡೆಗಳು ಹೆಚ್ಚು ಕಾಣುವ ದಿನ ಮಳೆಯೂ ಹೆಚ್ಚು; ಆದರೆ ಕೊಡೆಯಿಂದ ಮಳೆ ಬಂದಿತೆಂದು ನಾವು ಹೇಳುವುದಿಲ್ಲ. ಯಾವುದು ಮೊದಲು, ಯಾವುದು ಅನಂತರ ಎಂಬುದನ್ನು ಅರಿಯಬೇಕಾದರೆ ಆ ವೃದ್ಧರ ಬಾಲ್ಯದ ಬುದ್ಧಿಶಕ್ತಿಯ ಅಳತೆಯೂ ಬೇಕು.

ಅಂತಹ ಅಳತೆ ಸ್ಕಾಟ್ಲೆಂಡಿನಲ್ಲಿ ದೊರೆಯಿತು. 1947ರ ಜೂನ್ 4ರಂದು ಆ ದೇಶದ ಶಾಲೆಗಳಲ್ಲಿ, 1936ರಲ್ಲಿ ಹುಟ್ಟಿದ 70,000ಕ್ಕೂ ಹೆಚ್ಚು ಮಕ್ಕಳು ಒಂದೇ ದಿನ 45 ನಿಮಿಷಗಳ ಒಂದೇ ಪರೀಕ್ಷೆಯನ್ನು ಬರೆದರು. ಅವರ ಅಂಕಗಳ ದಾಖಲೆಗಳನ್ನು ಜೋಪಾನವಾಗಿ ಇರಿಸಲಾಗಿತ್ತು. 2004ರಿಂದ 2007ರವರೆಗೆ ಎಡಿನ್‌ಬರೊ ವಿಶ್ವವಿದ್ಯಾಲಯದ ಇಯಾನ್ ಡಿಯರಿ ಮತ್ತು ಅವರ ಸಂಗಡಿಗರು ಆ ಪೀಳಿಗೆಯ 1,091 ಮಂದಿಯನ್ನು ಅವರ ಸುಮಾರು 70ನೆಯ ವಯಸ್ಸಿನಲ್ಲಿ ಪರೀಕ್ಷಿಸಿದರು, ರಕ್ತವನ್ನೂ ಪರಿಶೀಲಿಸಿದರು.

ಇದರಿಂದ ತಿಳಿದ ಸಂಗತಿ 2009ರಲ್ಲಿ ಪ್ರಕಟವಾಯಿತು. 11ನೆಯ ವಯಸ್ಸಿನ ಅಂಕಗಳನ್ನು ಲೆಕ್ಕಕ್ಕೆ ತೆಗೆದುಕೊಂಡೊಡನೆ, ಆ ಎರಡು ಪ್ರೋಟೀನುಗಳಿಗೂ ಮುಪ್ಪಿನ ಬುದ್ಧಿಗೂ ಇದ್ದ ಸಂಬಂಧವು ಬಹುಮಟ್ಟಿಗೆ ಕರಗಿಹೋಯಿತು. ಬಾಲ್ಯದಲ್ಲಿ ಹೆಚ್ಚು ಅಂಕ ಪಡೆದವರ ರಕ್ತದಲ್ಲಿ, ಮುಪ್ಪಿನಲ್ಲಿ ಅವುಗಳ ಪ್ರಮಾಣ ಕಡಿಮೆ ಇದ್ದಿತು. ಅಂದರೆ ಕಾರಣವೆಂದು ತೋರಿದುದು ಪರಿಣಾಮವೇ ಆಗಿರಬಹುದು.

2020ರಲ್ಲಿ ಇದೇ ಗುಂಪಿನ 798 ಮಂದಿಯಲ್ಲಿ ನರಮಂಡಲಕ್ಕೆ ಸಂಬಂಧಿಸಿದ 90 ಪ್ರೋಟೀನುಗಳನ್ನು ಅಳೆದ ವರದಿ ಬಂದಿತು. ಅವುಗಳಲ್ಲಿ 22 ಪ್ರೋಟೀನುಗಳು ಹೆಚ್ಚಿದ್ದಷ್ಟೂ ಬುದ್ಧಿಪರೀಕ್ಷೆಯ ಫಲ ಕಡಿಮೆ ಇದ್ದಿತು. 10 ಪ್ರೋಟೀನುಗಳ ವಿಷಯದಲ್ಲಿ ಮಿದುಳಿನ ಗಾತ್ರವು ಈ ಸಂಬಂಧವನ್ನು ಭಾಗಶಃ ವಿವರಿಸಿತು. ಆದರೂ ಪ್ರತಿಯೊಂದರ ಸಂಬಂಧವೂ ಅಲ್ಪವೇ. ಆದುದರಿಂದ ರಕ್ತದ ಒಂದು ಅಂಕಿಯನ್ನು ನೋಡಿ ಯಾವೊಬ್ಬ ಹಿರಿಯರ ಬುದ್ಧಿಯನ್ನೂ ತೂಗಲಾಗದು. ಹಾಗೆಯೇ, ಅಂಕ ಕಡಿಮೆಯಾದ ವಿದ್ಯಾರ್ಥಿಯೂ ಎದೆಗುಂದಬೇಕಾಗಿಲ್ಲ. ಇದು ನೂರಾರು ಜನರ ಸರಾಸರಿಯ ಮಾತೇ ಹೊರತು ಒಬ್ಬರ ಹಣೆಬರಹವಲ್ಲ.

ನಾವು ಮಾಡಬಹುದಾದ ಕೆಲಸವೂ ಇದೆ. ಡಿಮೆನ್ಷಿಯ ಎಂಬ ಮರೆವಿನ ಕಾಯಿಲೆಯ ಅಪಾಯವನ್ನು ಹೆಚ್ಚಿಸುವ, ಆದರೆ ಬದಲಿಸಬಹುದಾದ 14 ಅಂಶಗಳನ್ನು ಲ್ಯಾನ್ಸೆಟ್ ಆಯೋಗವು 2024ರಲ್ಲಿ ಹೆಸರಿಸಿತು. ಧೂಮಪಾನ, ಹೆಚ್ಚಿದ ರಕ್ತದೊತ್ತಡ, ಸಿಹಿಮೂತ್ರ ರೋಗ, ಕಿವಿ ಮಂದವಾಗುವುದು, ಇವುಗಳೊಡನೆ ಬಾಲ್ಯದಲ್ಲಿ ವಿದ್ಯೆಯ ಕೊರತೆಯೂ ಆ ಪಟ್ಟಿಯಲ್ಲಿದೆ. ಮಗುವನ್ನು ನಡುವೆಯೇ ಶಾಲೆ ಬಿಡಿಸುವ ಯೋಚನೆ ಬಂದಾಗ ಪಾಲಕರು ಇದನ್ನು ನೆನೆಯಬೇಕೆಂದು ನಮ್ಮ ಬಿನ್ನಹ.