ಓರೆ ಅಕ್ಷರಕ್ಕೊಂದಿಷ್ಟು ಜಾಗ

ಇಂಗ್ಲಿಷ್ ಪುಸ್ತಕಗಳಲ್ಲಿ ಗ್ರಂಥಗಳ ಹೆಸರು, ಪರಭಾಷೆಯ ಪದ, ಒತ್ತಿ ಹೇಳಬೇಕಾದ ಮಾತು ಬಲಕ್ಕೆ ವಾಲಿದ ಅಕ್ಷರಗಳಲ್ಲಿರುವುದನ್ನು ಓದುಗರು ಕಂಡೇ ಇರುತ್ತಾರೆ. ಇದೇ ಇಟಾಲಿಕ್. ಹೆಸರೇ ಹೇಳುವಂತೆ ಇದರ ತವರು ಇಟಲಿ. ವೆನಿಸ್ಸಿನ ಮುದ್ರಕ ಆಲ್ಡಸ್ ಮನುಷಿಯಸ್ 1501ರಲ್ಲಿ ವರ್ಜಿಲ್ ಕವಿಯ ಕೃತಿಗಳನ್ನು ಕೈಯಲ್ಲಿ ಹಿಡಿಯುವಂಥ ಪುಟ್ಟ ಪುಸ್ತಕವಾಗಿ ಈ ಅಕ್ಷರಗಳಲ್ಲಿ ಅಚ್ಚುಹಾಕಿದ. ವಿದ್ವಾಂಸರ ಕೈಬರಹದ ಮಾದರಿಯಲ್ಲಿ ಅಚ್ಚು ಕೊರೆದವನು ಫ್ರಾಂಚೆಸ್ಕೊ ಗ್ರಿಫೊ. ಒತ್ತು ಕೊಡಲೆಂದು ನೇರ ಅಕ್ಷರಗಳ ನಡುವೆ ಇವನ್ನು ಬಳಸುವ ರೂಢಿ ಬೆಳೆದದ್ದು ಆಮೇಲೆ.

ತೊಡಕು ಇರುವುದು ಈ ಸಹವಾಸದಲ್ಲೇ. ವಾಲಿದ 'ಎಫ್' ಅಕ್ಷರದ ಮುಂದೆ ನೆಟ್ಟಗೆ ನಿಂತ ಆವರಣ ಚಿಹ್ನೆ ಬಂದರೆ ಎಫ್‌ನ ತಲೆ ಅದಕ್ಕೆ ತಾಗುತ್ತದೆ. ಸೀಸದ ಮೊಳೆಗಳ ಕಾಲದಲ್ಲಿ ಇಂಥ ಅಕ್ಷರದ ತುದಿ ಮೊಳೆಯ ಅಂಚನ್ನು ದಾಟಿ ಚಾಚಿರುತ್ತಿತ್ತು. ಪಕ್ಕದ ಮೊಳೆಯ ಒತ್ತಡಕ್ಕೆ ಮುರಿಯುವುದೂ ಉಂಟು. ನುರಿತ ಕಂಪಾಸಿಟರ್ ನಡುವೆ ತೆಳ್ಳನೆಯ ತುಂಡೊಂದನ್ನು ಸೇರಿಸಿ ಅದನ್ನು ಕಾಪಾಡಬೇಕಿತ್ತು.

ಸೀಸ ಹೋಗಿ ಫೋಟೋ ಅಕ್ಷರಜೋಡಣೆ ಬಂದಾಗ ಆ ಕೈಚಳಕವೂ ಹಿಂದೆ ಸರಿಯಿತು. 1977ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗಣಕ ವಿಜ್ಞಾನಿ ಡೊನಾಲ್ಡ್ ಕನೂತ್ ತಮ್ಮ ಗ್ರಂಥದ ಎರಡನೆಯ ಸಂಪುಟದ ಹೊಸ ಆವೃತ್ತಿಯ ಕರಡಚ್ಚು ನೋಡಿ ಬೇಸರಗೊಂಡರು. ಅಕ್ಷರ ಜೋಡಿಸುವ ತಂತ್ರಾಂಶವನ್ನು ತಾವೇ ಬರೆಯಲು ಕುಳಿತರು. ಅದೇ 'ಟೆಕ್'.

ಟೆಕ್‌ನ ಕಣ್ಣಿಗೆ ಪ್ರತಿ ಅಕ್ಷರವೂ ಒಂದು ಪೆಟ್ಟಿಗೆ. ಅದಕ್ಕೆ ನಾಲ್ಕು ಅಳತೆ: ಅಗಲ, ಎತ್ತರ, ಆಳ ಮತ್ತು 'ಇಟಾಲಿಕ್ ತಿದ್ದುಪಡಿ'. ಅಕ್ಷರದ ತಲೆ ಪೆಟ್ಟಿಗೆಯಿಂದ ಎಷ್ಟು ಹೊರಚಾಚಿದೆ ಎಂಬುದನ್ನು ತಿಳಿಸುವುದು ಈ ನಾಲ್ಕನೆಯದು. ಓರೆ ಅಕ್ಷರ ಮುಗಿದು ನೇರ ಅಕ್ಷರ ತೊಡಗುವಲ್ಲಿ ಪುಟ್ಟ ಆದೇಶವೊಂದನ್ನು ಬರೆದರೆ ಅಷ್ಟೇ ಜಾಗ ಸೇರುತ್ತದೆ.

ಹಾಗೆಂದು ಎಲ್ಲೆಡೆಯೂ ಸೇರಿಸುವಂತಿಲ್ಲ. ಅಲ್ಪವಿರಾಮ, ಪೂರ್ಣವಿರಾಮಗಳು ಸಾಲಿನ ಬುಡದಲ್ಲಿರುತ್ತವೆ. ಮೇಲೆ ವಾಲಿದ ತಲೆ ಅವಕ್ಕೆ ತಗಲುವುದಿಲ್ಲ. ಅಲ್ಲಿಯೂ ಜಾಗ ಬಿಟ್ಟರೆ ಚಿಹ್ನೆ ಪದದಿಂದ ಕಳಚಿಕೊಂಡಂತೆ ಕಾಣುತ್ತದೆ.

ಟೆಕ್ ಮೇಲೆ ಕಟ್ಟಿದ 'ಲೇಟೆಕ್'ನ 1994ರ ಆವೃತ್ತಿಯಲ್ಲಿ ಈ ವಿವೇಚನೆಯನ್ನು ತಂತ್ರಾಂಶಕ್ಕೇ ವಹಿಸಲಾಯಿತು. ಪದವನ್ನು ಇಟಾಲಿಕ್ ಮಾಡುವ ಆದೇಶವೇ ಮುಂದಿನ ಚಿಹ್ನೆಯನ್ನು ಗಮನಿಸಿ ಜಾಗ ಸೇರಿಸುತ್ತದೆ, ಇಲ್ಲವೇ ಬಿಡುತ್ತದೆ. ಆದರೆ ಅಕ್ಷರಶೈಲಿಯನ್ನೇ ಬದಲಿಸುವ ಆದೇಶವನ್ನು ನೇರವಾಗಿ ಬಳಸಿದಲ್ಲಿ ಆ ಹೊಣೆ ಬರೆಯುವವರದೇ. ಕರಡು ತಿದ್ದುವವರ ಕಣ್ಣಿಗೆ ಅಲ್ಲಿ ಇಂದಿಗೂ ಕೆಲಸವಿದೆ.